ಕಂಪ್ಯೂಟರಿಂದ ಎಸ್ಎಂಎಸ್: ಸಿಮ್ಮು ಯಾರದು ಸ್ವಾಮಿ?

ಹೋದ ಸಂಚಿಕೇಲಿ ಯಾರಿಗೋ ಉತ್ತರ ಕೊಡೋವಾಗ 'ಎಸ್ಎಂಎಸ್ಸನ್ನ ಕಂಪ್ಯೂಟರಿಂದಾನೂ ಕಳಿಸ್ಬೋದು' ಅಂತ ಒಂದು ಸಾಲು ಬರೆದು ಸುಮ್ನಾಗಿದ್ದೆ, ಅದೇ ತಪ್ಪಾಯ್ತು ನೋಡಿ, ಹೇಗೆ, ಯಾವ ಸೈಟು, ದುಡ್ಡೆಷ್ಟು ಅಂತ ಪತ್ರದ ಮೇಲೆ ಪತ್ರ. ಹಾಗಾಗಿ ಪ್ರಿಂಟರ್ ಇಂಕಿನ ಪ್ರಶ್ನೆಗಳನ್ನೆಲ್ಲ ಮುಂದಕ್ಕೆ ತಳ್ಳಿ ಈ ಸಲ ಇದೊಂದೇ ವಿಷಯ. ಹೆಸರು ಹಾಕ್ಬೇಡಿ ಅಂತ ಕೆಲವರು ಕೇಳ್ಕೊಂಡಿದ್ರು, ಅದಕ್ಕೆ ಯಾರದ್ದೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನಾನು ಹೈಸ್ಕೂಲ್ ಒಂದರ ಮುಖ್ಯ ಶಿಕ್ಷಕ. 180 ಮಕ್ಕಳ ಪೋಷಕರಿಗೆ ರಜೆ, ಸಭೆ, ಪರೀಕ್ಷೆ ಅಂತ ಮೆಸೇಜ್ ಕಳಿಸ್ಬೇಕಾಗುತ್ತೆ. ಸುಮಾರು ಜನರ ಹತ್ರ ಇನ್ನೂ ಕೀಪ್ಯಾಡ್ ಫೋನು, ವಾಟ್ಸಾಪ್ ಇಲ್ಲ. ಹಿಂದೆ ಆಫೀಸ್ ಕಂಪ್ಯೂಟರಲ್ಲಿ ಒಂದು ಸೈಟಿಗೆ ಹೋಗಿ ಪುಕ್ಕಟೆ ಕಳಿಸ್ತಿದ್ವಿ. ಈಗ ಅಂಥಾ ಸೈಟುಗಳೆಲ್ಲ ಎಲ್ಲಿಗೆ ಹೋದವು? ಬೇರೆ ದಾರಿ ಏನಿದೆ?
(ಅರಸೀಕೆರೆ)

ಉತ್ತರ: ಮೇಷ್ಟ್ರೇ, ಆ ಕಾಲ ಮುಗೀತು. 2006ರಲ್ಲಿ ಹೈದರಾಬಾದಲ್ಲಿ ವೇ2ಎಸ್ಎಂಎಸ್ ಶುರುವಾಯ್ತು, ಆಮೇಲೆ 160ಬೈ2 ಥರದವು ಬಂದ್ವು, ಕಾಲೇಜು ಹುಡುಗರೆಲ್ಲ ಸೈಬರ್ ಸೆಂಟರಲ್ಲಿ ಅರ್ಧ ಗಂಟೆಗೆ ದುಡ್ಡು ಕೊಟ್ಟು ಕೂತು ಅದರಲ್ಲೇ ಮೆಸೇಜ್ ಕುಟ್ಟೋರು, ಯಾಕಂದ್ರೆ ಆಗ ಫೋನಿಂದ ಕಳಿಸೋ ಒಂದೊಂದು ಮೆಸೇಜಿಗೂ ಕರೆನ್ಸಿ ಕಟ್ ಆಗ್ತಿತ್ತು, ಹಬ್ಬದ ದಿನ ಅಂತೂ ಪ್ಯಾಕ್ ಹಾಕ್ಸಿದ್ರೂ ಫುಲ್ ಚಾರ್ಜು. ಸೈಟಿನೋರು ನಮಗೆ 140 ಅಕ್ಷರ ಕೊಟ್ಟು ಉಳಿದ ಬಾಲದಲ್ಲಿ ತಮ್ಮ ಜಾಹೀರಾತು ಅಂಟಿಸೋರು. ಪುಕ್ಕಟೆ ಅನ್ನೋದು ನಮಗೆ ಮಾತ್ರ, ಮೊಬೈಲ್ ಕಂಪನಿಗೆ ದುಡ್ಡು ಕಟ್ತಾ ಇದ್ದೋರು ಅವರೇ, ಜಾಹೀರಾತಿಂದ ಅದನ್ನ ಹುಟ್ಟಿಸ್ಕೊಳ್ತಿದ್ರು.

ಇಲ್ಲೇ ಒಂದು ಮಾತು ಹೇಳ್ಬಿಡ್ತೀನಿ, ಕೆಳಗಿನ ಉತ್ತರಗಳಿಗೂ ಇದೇ ಬುಡ. ಕಂಪ್ಯೂಟರ್ ಎಸ್ಎಂಎಸ್ ಕಳಿಸಲ್ಲ. ಕಂಪ್ಯೂಟರಲ್ಲಿ ನೀವು ಟೈಪ್ ಮಾಡ್ತೀರಿ ಅಷ್ಟೇ, ಅದು ಕೊನೆಗೆ ಮೊಬೈಲ್ ಕಂಪನಿಯ ಮೆಸೇಜ್ ಸೆಂಟರಿಗೆ ಹೋಗಿ ಅಲ್ಲಿಂದಾನೇ ಆ ಕಡೆ ಫೋನಿಗೆ ಹೋಗ್ಬೇಕು, ಮತ್ತೆ ಆ ಸೆಂಟರಿಗೆ ಹೋಗ್ಬೇಕಾದ್ರೆ ಯಾರದೋ ಒಂದು ಸಿಮ್ಮಾದ್ರೂ ಬೇಕು, ಇಲ್ಲ ಯಾರದೋ ಒಂದು ನೋಂದಾಯಿತ ಹೆಸರಾದ್ರೂ ಬೇಕು. ಯಾವ ಸೈಟು, ಯಾವ ಆ್ಯಪು ಅಂತ ಕೇಳೋ ಮುಂಚೆ ಸಿಮ್ಮು ಯಾರದು, ದುಡ್ಡು ಯಾರದು ಅಂತ ಕೇಳಿ, ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತೆ.

ಸರಿ, ಆ ಸೈಟುಗಳ ಕಥೆ. ಅವು ಇದ್ದಿದ್ದು ನೋಂದಾಯಿತ ಹೆಸರಿನ ದಾರೀಲಿ. ಅದೇ ದಾರೀಲಿ ಮನೆ ಸೈಟು ಮಾರೋರು, ಸಾಲ ಕೊಡೋರು, ತೂಕ ಇಳಿಸೋರು ಎಲ್ಲರೂ ನುಗ್ಗಿದ್ರು. ಮೊಬೈಲ್ ಕಂಪನಿಗಳಿಗೆ ನಿಯಮ ಹಾಕೋ ಕೇಂದ್ರದ ಸಂಸ್ಥೆ ಟ್ರಾಯ್ 2010ರಲ್ಲಿ ವಾಣಿಜ್ಯ ಮೆಸೇಜುಗಳಿಗೆ ನಿಯಮ ಮಾಡ್ತು, 2011ರ ಸೆಪ್ಟೆಂಬರ್ 27ರಿಂದ ಒಂದು ಸಿಮ್ಮಿಂದ ದಿನಕ್ಕೆ 100 ಎಸ್ಎಂಎಸ್ ಅಷ್ಟೇ ಅಂತು, ಜನ ಬಾಯಿ ಬಡ್ಕೊಂಡ ಮೇಲೆ ನವೆಂಬರಲ್ಲಿ 200 ಮಾಡ್ತು. 2012ರ ಆಗಸ್ಟ್ ಅಂತೂ ನಮ್ಮ ಬೆಂಗಳೂರಿನೋರಿಗೆ ಮರೆಯೋ ಹಾಗಿಲ್ಲ. ಈಶಾನ್ಯ ರಾಜ್ಯದ ಹುಡುಗರ ಮೇಲೆ ಹಲ್ಲೆ ಆಗುತ್ತಂತೆ ಅನ್ನೋ ಸುಳ್ಳು ಮೆಸೇಜು ಫೋನಿಂದ ಫೋನಿಗೆ ಹಾರಿ, ಸಾವಿರಾರು ಜನ ಗಂಟುಮೂಟೆ ಕಟ್ಕೊಂಡು ಸಿಟಿ ರೈಲ್ವೆ ಸ್ಟೇಷನ್ನಿಗೆ ಬಂದು ಗುವಾಹಟಿ ರೈಲು ಹತ್ತಿದ್ರು. ಕೇಂದ್ರ ಸರ್ಕಾರ ಆಗ ದೇಶಕ್ಕೆಲ್ಲ ಬಲ್ಕ್ ಎಸ್ಎಂಎಸ್, ಅಂದ್ರೆ ಒಟ್ಟಿಗೆ ತುಂಬಾ ಜನಕ್ಕೆ ಕಳಿಸೋದನ್ನ, ನಿಲ್ಲಿಸಿ, 15 ದಿನ ಅಂತ ಹೇಳಿ, ಒಬ್ಬರು ದಿನಕ್ಕೆ ಐದೇ ಮೆಸೇಜ್ ಕಳಿಸ್ಬೇಕು ಅಂತ ಕಟ್ಟು ಮಾಡ್ತು, ಕೆಲವು ದಿನದ ಮೇಲೆ ಐದನ್ನ ಇಪ್ಪತ್ತು ಮಾಡ್ತು. ನಮ್ಮ ಮನೇಲಿ ಆಗ ಒಂದು ಗೃಹಪ್ರವೇಶ ಇತ್ತು, ದಿನಕ್ಕೆ ಐದರಂತೆ ಕರೆಯೋದು ಹೇಗೆ, ಮನೆಯೋರೆಲ್ಲರ ಫೋನು ಒಟ್ಟು ಹಾಕ್ಕೊಂಡು ತಲಾ ಐದು ಅಂತ ಹಂಚ್ಕೊಂಡ್ವಿ, ಅತ್ತೆ ಮಾತ್ರ ತಮ್ಮ ಕೋಟಾ ಯಾರಿಗೂ ಬಿಟ್ಕೊಡ್ಲಿಲ್ಲ.

ಪುಕ್ಕಟೆ ಸೈಟಿಗೆ ಕೊನೇ ಮೊಳೆ ಹೊಡೆದಿದ್ದು 2018ರ ನಿಯಮ. ಅದರಲ್ಲಿ ಡಿಎಲ್‌ಟಿ ಅಂತ ಒಂದು ವ್ಯವಸ್ಥೆ ಬಂತು. ಬ್ಯಾಂಕಾಗ್ಲಿ, ಶಾಲೆಯಾಗ್ಲಿ, ಸೀರೆ ಅಂಗಡಿಯಾಗ್ಲಿ, ಮೊದಲು ತಮ್ಮ ಸಂಸ್ಥೇನ ನೋಂದಾಯಿಸ್ಬೇಕು, ಆಮೇಲೆ ಹೆಡರ್ ಅಂದ್ರೆ ಮೆಸೇಜಿನ ತಲೆ ಮೇಲೆ ಬರೋ ಹೆಸರನ್ನ ನೋಂದಾಯಿಸ್ಬೇಕು, ಅದೂ ಸಾಲ್ದು ಅಂತ ಮೆಸೇಜಿನ ಒಕ್ಕಣೆಯನ್ನೇ ಮುಂಚೆ ಕೊಟ್ಟು ಒಪ್ಪಿಗೆ ತಗೋಬೇಕು, ತಾರೀಕು ಹೆಸರು ಮೊತ್ತ ಥರ ಬದಲಾಗೋ ಜಾಗ ಮಾತ್ರ ಖಾಲಿ ಬಿಡ್ಬೋದು. ಒಕ್ಕಣೆ ತಾಳೆ ಆಗ್ಲಿಲ್ಲ ಅಂದ್ರೆ ಮೆಸೇಜು ದಾರೀಲೇ ಸತ್ತುಹೋಗುತ್ತೆ. 2021ರ ಮಾರ್ಚ್ 8ಕ್ಕೆ ಈ ತಾಳೆ ನೋಡೋದನ್ನ ಶುರು ಮಾಡಿದಾಗ ಬ್ಯಾಂಕುಗಳ ಒಟಿಪಿನೇ ಬರದೆ ದೇಶವೆಲ್ಲ ಗಲಾಟೆಯಾಗಿ, ಟ್ರಾಯ್ ಒಂದು ವಾರ ಅದನ್ನ ತಡೆಹಿಡೀಬೇಕಾಯ್ತು. ಯಾರು ಬೇಕಾದ್ರೂ ಬಂದು ಏನು ಬೇಕಾದ್ರೂ ಟೈಪ್ ಮಾಡೋ ಸೈಟು ಇಂಥಾ ವ್ಯವಸ್ಥೇಲಿ ಬದುಕೋದು ಹೇಗೆ ಹೇಳಿ? ವೇ2ಎಸ್ಎಂಎಸ್ಸಿನೋರು ಈಗ ವೇ2ನ್ಯೂಸ್ ಅಂತ ಸುದ್ದಿ ಆ್ಯಪ್ ಮಾಡ್ಕೊಂಡಿದ್ದಾರೆ. ಈಗ್ಲೂ 'ಫ್ರೀ ಎಸ್ಎಂಎಸ್' ಅಂತ ಹುಡುಕಿದ್ರೆ ಒಂದಷ್ಟು ಸೈಟು ಸಿಗುತ್ತೆ, ಅಲ್ಲಿಗೆ ಹೋಗಿ 180 ಪೋಷಕರ ನಂಬರ್ ಸುರೀಬೇಡಿ, ಮೆಸೇಜ್ ಹೋಗುತ್ತೋ ಬಿಡುತ್ತೋ ನಂಬರಂತೂ ಹೋಗುತ್ತೆ.

ಈಗ ನಿಮಗೆ ದಾರಿ. ಒಂದು, ಶಾಲೆ ಹೆಸರಲ್ಲಿ ಡಿಎಲ್‌ಟಿ ನೋಂದಣಿ ಮಾಡ್ಸಿ ಬಲ್ಕ್ ಎಸ್ಎಂಎಸ್ ಕಂಪನಿ ಮೂಲಕ ಕಳಿಸೋದು. ಪ್ಯಾನ್ ಬೇಕು, ಪತ್ರ ಬೇಕು, ಶುರುವಿಗೆ ನೋಂದಣಿ ಖರ್ಚು ಬೇಕು, ಆಮೇಲೆ ಒಂದೊಂದು ಮೆಸೇಜಿಗೂ ಪೈಸೆ ಲೆಕ್ಕ. ಸಾವಿರಾರು ಮಕ್ಕಳಿರೋ ಕಡೆ ಇದು ಸರಿ, 180ಕ್ಕೆ ನನ್ನ ಕೇಳಿದ್ರೆ ಗುಬ್ಬಿ ಮೇಲೆ ಬ್ರಹ್ಮಾಸ್ತ್ರ.

ಇನ್ನೊಂದು, ನಿಮ್ಮದೇ ಸಿಮ್ಮಿಂದ, ಆದ್ರೆ ಕಂಪ್ಯೂಟರ್ ಕೀಬೋರ್ಡಲ್ಲಿ ಟೈಪ್ ಮಾಡಿ. ಆ್ಯಂಡ್ರಾಯ್ಡ್ ಫೋನಲ್ಲಿ ಗೂಗಲ್ ಮೆಸೇಜಸ್ ಆ್ಯಪ್ ಇರ್ಬೇಕು, ಅದೇ ಡೀಫಾಲ್ಟ್ ಆಗಿರ್ಬೇಕು, ಕೆಲವು ಫೋನಲ್ಲಿ ಕಂಪನಿಯ ಬೇರೆ ಮೆಸೇಜ್ ಆ್ಯಪ್ ಇರುತ್ತೆ, ಅದರಲ್ಲಿ ಆಗಲ್ಲ. ಕಂಪ್ಯೂಟರಲ್ಲಿ ಬ್ರೌಸರ್ ತೆಗೆದು ಮೆಸೇಜಸ್ ಡಾಟ್ ಗೂಗಲ್ ಡಾಟ್ ಕಾಮ್ ಸ್ಲ್ಯಾಶ್ ವೆಬ್ ಅಂತ ಹೋಗಿ. ಫೋನಲ್ಲಿ ಆ್ಯಪ್ ತೆಗೆದು ಮೇಲ್ಗಡೆ ನಿಮ್ಮ ಫೋಟೋ ಇರೋ ಗುಂಡನೆ ಬಟನ್ ಒತ್ತಿದ್ರೆ ಡಿವೈಸ್ ಪೇರಿಂಗ್ ಅಂತ ಸಿಗುತ್ತೆ, ಅಲ್ಲಿಂದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ವಾಟ್ಸಾಪ್ ವೆಬ್ ಮಾಡಿದ್ದೀರಲ್ಲ ಅದೇ ಥರ. ಎರಡು ಸೆಕೆಂಡಲ್ಲಿ ನಿಮ್ಮ ಇನ್‌ಬಾಕ್ಸೆಲ್ಲ ದೊಡ್ಡ ಸ್ಕ್ರೀನ್ ಮೇಲೆ ಬರುತ್ತೆ. ಫೋನು ಆನ್ ಇರ್ಬೇಕು, ಅದಕ್ಕೆ ಇಂಟರ್ನೆಟ್ಟೂ ಇರ್ಬೇಕು, ಯಾಕಂದ್ರೆ ನೀವು ಟೈಪ್ ಮಾಡಿದ್ದು ನೆಟ್ಟಲ್ಲಿ ಫೋನಿಗೆ ಬಂದು ಫೋನಿನ ಸಿಮ್ಮಿಂದ ಹೊರಡೋದು. ಎರಡು ಸಿಮ್ ಇದ್ರೆ ಯಾವುದರಿಂದ ಹೋಗ್ತಿದೆ ಅಂತ ಮೊದಲನೇ ಮೆಸೇಜಲ್ಲೇ ನೋಡ್ಕೊಳಿ.

ಗುಂಪಿಗೆ ಕಳಿಸೋ ಮುಂಚೆ ಇನ್ನೊಂದು ಕೆಲಸ ಮಾಡಿ. ಫೋನಿನ ಮೆಸೇಜಸ್ ಸೆಟ್ಟಿಂಗ್ಸಲ್ಲಿ ಗ್ರೂಪ್ ಮೆಸೇಜಿಂಗ್ ಅಂತ ಇರುತ್ತೆ, ಅದನ್ನ ಎಂಎಂಎಸ್ (ಫೋಟೋ ಕಳಿಸೋಕೆ ಬಳಸೋ ಥರದ ಮೆಸೇಜು) ಬಿಟ್ಟು ಎಲ್ಲರಿಗೂ ಬೇರೆ ಬೇರೆ ಎಸ್ಎಂಎಸ್ ಹೋಗೋ ಆಯ್ಕೆಗೆ ಹಾಕಿ. ಇಲ್ದಿದ್ರೆ ಅದು ಗ್ರೂಪ್ ಎಂಎಂಎಸ್ ಆಗಿ ಹೊರಟು, ತಲುಪಿದೋರಿಗೆಲ್ಲ ಎಲ್ಲರ ನಂಬರೂ ಕಾಣುತ್ತೆ, ಕೀಪ್ಯಾಡ್ ಫೋನಿನೋರಿಗೆ ಬರೋದೇ ಅನುಮಾನ. ಮತ್ತೆ ದಿನಕ್ಕೆ 100ರ ಲೆಕ್ಕ: ನೂರು ದಾಟಿದ್ರೆ ಒಂದೊಂದಕ್ಕೂ 50 ಪೈಸೆ ಹಾಕ್ಬೇಕು ಅಂತ ಆಮೇಲೆ ಬಂದಿದ್ದ ನಿಯಮಾನ ಟ್ರಾಯ್ 2020ರಲ್ಲೇ ತೆಗೀತು, ಆದ್ರೂ ರೀಚಾರ್ಜ್ ಪ್ಯಾಕಲ್ಲಿ ಸಿಗೋದು ಸಾಮಾನ್ಯವಾಗಿ ದಿನಕ್ಕೆ 100 ಎಸ್ಎಂಎಸ್ಸೇ. ಅದಕ್ಕೆ 180 ಜನರನ್ನೂ ನೀವೊಬ್ರೇ ತಲೆ ಮೇಲೆ ಹೊತ್ಕೋಬೇಡಿ, ಕ್ಲಾಸ್ ಟೀಚರುಗಳು ತಮ್ಮ ತಮ್ಮ ತರಗತಿ ಪೋಷಕರಿಗೆ ತಮ್ಮ ಫೋನಿಂದ ಕಳಿಸ್ಲಿ. ಪೋಷಕರಿಗೂ ಗೊತ್ತಿರೋ ನಂಬರಿಂದ ಬಂದ ಹಾಗಾಯ್ತು, ತಿರುಗಿಸಿ ಫೋನ್ ಮಾಡೋಕೂ ಆಯ್ತು.

ಪ್ರಶ್ನೆ: ಪ್ರಪಂಚದ ಮೊಟ್ಟ ಮೊದಲ ಎಸ್ಎಂಎಸ್ ಕಂಪ್ಯೂಟರಿಂದಾನೇ ಹೋಗಿದ್ದು ಅಂತ ನನ್ನ ಮಗ ವಾದ ಮಾಡ್ತಾನೆ. ಫೋನಿಂದ ಅಲ್ವಾ?
(ಭದ್ರಾವತಿ)

ಉತ್ತರ: ಮಗ ಗೆದ್ದ. 1992ರ ಡಿಸೆಂಬರ್ 3, ಇಂಗ್ಲೆಂಡಿನ ನ್ಯೂಬರಿ. ನೀಲ್ ಪ್ಯಾಪ್‌ವರ್ತ್ ಅನ್ನೋ 22 ವರ್ಷದ ಇಂಜಿನಿಯರ್ ಕಂಪ್ಯೂಟರ್ ಮುಂದೆ ಕೂತು 'ಮೆರಿ ಕ್ರಿಸ್‌ಮಸ್' ಅಂತ ಟೈಪ್ ಮಾಡಿ ವೊಡಾಫೋನಿನ ರಿಚರ್ಡ್ ಜಾರ್ವಿಸ್ ಅನ್ನೋರ ಫೋನಿಗೆ ಕಳಿಸಿದ್ರು, ಅವರು ಆಗ ಪಾರ್ಟೀಲಿದ್ರು. ಅವರ ಕೈಲಿದ್ದ ಆರ್ಬಿಟೆಲ್ 901 ಫೋನಿಗೆ ಮೆಸೇಜ್ ಬರ್ತಿತ್ತು, ಅದರಿಂದ ವಾಪಸ್ ಕಳಿಸೋಕೆ ಆಗ್ತಿರ್ಲಿಲ್ಲ, ಹಾಗಾಗಿ ಪಾಪ ಪ್ಯಾಪ್‌ವರ್ತ್‌ಗೆ ಎಸ್ಎಂಎಸ್ಸಲ್ಲಿ ಉತ್ತರಾನೇ ಬರ್ಲಿಲ್ಲ. ಆ ಒಂದು ಮೆಸೇಜನ್ನ ವೊಡಾಫೋನ್ 2021ರಲ್ಲಿ ಪ್ಯಾರಿಸ್ಸಲ್ಲಿ ಡಿಜಿಟಲ್ ವಸ್ತುವಾಗಿ ಹರಾಜು ಹಾಕ್ತು, 1,07,000 ಯೂರೋಗೆ ಹೋಯ್ತು. ಅಂದ್ರೆ ಈ ಅಂಕಣದಲ್ಲಿ ನಾವು ಕೇಳ್ತಿರೋದು ಹೊಸ ವಿದ್ಯೆ ಏನಲ್ಲ, ಕಂಪ್ಯೂಟರಿಂದ ಫೋನಿಗೆ ಅನ್ನೋದೇ ಎಸ್ಎಂಎಸ್ಸಿನ ತವರುಮನೆ, ಫೋನಿಂದ ಫೋನಿಗೆ ಅನ್ನೋದು ಆಮೇಲೆ ಬಂದಿದ್ದು.

ಪ್ರಶ್ನೆ: ಸಹಕಾರ ಸಂಘದಿಂದ ಸದಸ್ಯರಿಗೆ ಬಲ್ಕ್ ಎಸ್ಎಂಎಸ್ ಹಾಕ್ತೀವಿ. ಇಂಗ್ಲಿಷಲ್ಲಿ ಹಾಕಿದ್ರೆ ಒಂದು ಮೆಸೇಜಿನ ದುಡ್ಡು, ಅದೇ ಮಾತನ್ನ ಕನ್ನಡದಲ್ಲಿ ಹಾಕಿದ್ರೆ ಎರಡು ಮೂರು ಮೆಸೇಜಿನ ದುಡ್ಡು ಬೀಳುತ್ತೆ. ಇದು ಕನ್ನಡಕ್ಕೆ ಮಾಡೋ ಅನ್ಯಾಯ ಅಲ್ವಾ ಸಾರ್?
(ಶಿರಸಿ)

ಉತ್ತರ: ಅನ್ಯಾಯ ಹೌದು, ಆದ್ರೆ ಬಲ್ಕ್ ಕಂಪನಿಯೋರು ಬೇಕಂತ ಮಾಡ್ತಿರೋದಲ್ಲ, ಬೇರು ತುಂಬಾ ಕೆಳಗಿದೆ. ಎಸ್ಎಂಎಸ್ ಹೋಗೋದು ಫೋನಿಗೂ ಟವರಿಗೂ ನಡುವೆ ಇರೋ ಸಣ್ಣ ಸಿಗ್ನಲ್ ದಾರೀಲಿ, ಕರೆ ಬರ್ತಿದೆ ಅಂತ ಫೋನಿಗೆ ಹೇಳೋಕೆ ಮಾಡಿದ್ದ ದಾರಿ ಅದು. ಅಲ್ಲಿ ಒಂದು ಮೆಸೇಜಿಗೆ ಸಿಗೋ ಜಾಗ 140 ಬೈಟು, ಒಂದು ಬೈಟಂದ್ರೆ 8 ಬಿಟ್. ಜರ್ಮನಿಯ ಬಾನ್ ಊರಲ್ಲಿ ಫ್ರೀಡ್‌ಹೆಲ್ಮ್ ಹಿಲೆಬ್ರಾಂಡ್ ಅನ್ನೋರು 1985ರಲ್ಲಿ ಟೈಪ್‌ರೈಟರ್ ಮುಂದೆ ಕೂತು ಮನಸ್ಸಿಗೆ ಬಂದ ವಾಕ್ಯ ಹೊಡೀತಾ ಅಕ್ಷರ ಎಣಿಸಿ ನೋಡಿದ್ರಂತೆ, ಬಹುಪಾಲು ವಾಕ್ಯ 160ರೊಳಗೇ ಮುಗೀತಿತ್ತು. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, 140 ಬೈಟಲ್ಲಿ 160 ಅಕ್ಷರ ಕೂರುತ್ತೆ. ಕನ್ನಡಕ್ಕೆ ಒಂದೊಂದಕ್ಕೂ 16 ಬಿಟ್, ಆದ್ದರಿಂದ 70. ಅದನ್ನ ದಾಟಿದ ಉದ್ದ ಮೆಸೇಜು ತುಂಡಾಗಿ ಹೋಗುತ್ತೆ, ಯಾವ ತುಂಡು ಎಷ್ಟನೇದು ಅಂತ ಬರೆಯೋಕೂ ಸ್ವಲ್ಪ ಜಾಗ ಹೋಗಿ ಇಂಗ್ಲಿಷಲ್ಲಿ ತುಂಡಿಗೆ 153, ಕನ್ನಡದಲ್ಲಿ 67.

ಇಷ್ಟೇ ಆಗಿದ್ರೆ ಪರವಾಗಿಲ್ಲ, ಕನ್ನಡದಲ್ಲಿ ನಾವು ಅಕ್ಷರ ಅಂತೀವಲ್ಲ ಅದು ಇಲ್ಲಿ ಲೆಕ್ಕಕ್ಕಿಲ್ಲ. ಮೂಲ ಅಕ್ಷರ ಒಂದು, ಸ್ವರ ಚಿಹ್ನೆ ಒಂದು, ಒತ್ತು ಬಂದ್ರೆ ವಿರಾಮ (ಅರ್ಧಾಕ್ಷರ ಮಾಡೋ ಗುರುತು) ಒಂದು, ಒತ್ತಕ್ಷರ ಒಂದು. ಬೆಂಗಳೂರು ಅಂದ್ರೆ ನಮಗೆ ನಾಲ್ಕು, ಫೋನಿಗೆ ಎಂಟು. ಸ್ತ್ರೀ ಅಂದ್ರೆ ನಮಗೆ ಒಂದು, ಫೋನಿಗೆ ಆರು! ಒಂದು ಉದಾಹರಣೆ ಎಣಿಸಿಯೇ ಬಿಟ್ಟೆ: 'ನಾಳೆ ಬೆಳಿಗ್ಗೆ 10 ಗಂಟೆಗೆ ಪೋಷಕರ ಸಭೆ ಇದೆ. ದಯವಿಟ್ಟು ತಪ್ಪದೆ ಬನ್ನಿ.' ಜಾಗ, ಚುಕ್ಕಿ ಎಲ್ಲ ಸೇರಿ 61, ಒಂದೇ ಮೆಸೇಜಲ್ಲಿ ಹೋಗುತ್ತೆ. ಕೊನೇಲಿ ಒಂದು ಗೆರೆ ಎಳೆದು 'ಮುಖ್ಯ ಶಿಕ್ಷಕರು' ಅಂತ ಸೇರಿಸಿ, 78 ಆಗಿ ಎರಡು ಮೆಸೇಜು. ಮೇಲಿನ ಅರಸೀಕೆರೆ ಮೇಷ್ಟ್ರು ಬರೀ 'ಮೇಷ್ಟ್ರು' ಅಂತ ಹಾಕಿದ್ರೂ ದಾಟುತ್ತೆ, ಬೇಕಾದ್ರೆ ಎಣಿಸಿ ನೋಡಿ. ಇನ್ನು ಸಾಫ್ಟ್‌ವೇರ್ ಅಂತ ಬರೆಯೋವಾಗ ಒತ್ತು ಕೂರದ ಹಾಗೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತೆ, ಅದನ್ನೂ ಎಣಿಸ್ತಾರೆ, ಕಾಣದಿದ್ದಕ್ಕೂ ದುಡ್ಡು.

ಮಜಾ ಏನು ಗೊತ್ತಾ, ಇದಕ್ಕೆ ಔಷಧ ಆಗ್ಲೇ ಇದೆ. ಎಸ್ಎಂಎಸ್ಸಿನ ಅಂತಾರಾಷ್ಟ್ರೀಯ ನಿಯಮಾವಳಿಯಲ್ಲಿ ಕನ್ನಡ, ತಮಿಳು, ತೆಲುಗು, ಹಿಂದಿ ಮುಂತಾದ ನಮ್ಮ ಭಾಷೆಗಳಿಗೆ 7 ಬಿಟ್ಟಿನ ಪಟ್ಟಿ ಮಾಡಿಟ್ಟಿದ್ದಾರೆ, ಅದನ್ನ ಬಳಸಿದ್ರೆ ಕನ್ನಡದಲ್ಲೂ 150 ದಾಟಿ ಅಕ್ಷರ ಕೂರುತ್ತೆ. ಆದ್ರೆ ಕಳಿಸೋ ಕಡೆ, ತಗೊಳ್ಳೋ ಫೋನು, ಎರಡಕ್ಕೂ ಅದು ಗೊತ್ತಿರ್ಬೇಕಲ್ಲ, ಎಲ್ಲ ಕಡೇನೂ ಅದು ಇರುತ್ತೆ ಅಂತ ನಂಬೋಕಾಗಲ್ಲ. ಅಟ್ಟದ ಮೇಲೆ ಏಣಿ ಇಟ್ಟು ಕೆಳಗಿಳಿದ ಹಾಗೆ.

ಇಂಗ್ಲಿಷಲ್ಲಿ ಕಳಿಸೋರಿಗೂ ಒಂದು ಎಚ್ಚರಿಕೆ. ಒಂದೇ ಒಂದು ಎಮೋಜಿ, ಇಲ್ಲ ಒಂದು ₹ ಚಿಹ್ನೆ, ಇಲ್ಲ ವರ್ಡ್ ಫೈಲಿಂದ ಕಾಪಿ ಮಾಡ್ಕೊಂಡು ಬಂದ ಬಾಗಿದ ಉದ್ಧರಣ ಚಿಹ್ನೆ ಸೇರಿದ್ರೂ ಇಡೀ ಮೆಸೇಜು 160ರಿಂದ 70ಕ್ಕೆ ಇಳಿಯುತ್ತೆ. ಸಂಘದ ಬಿಲ್ಲು ಇದ್ದಕ್ಕಿದ್ದ ಹಾಗೆ ಏರಿದ್ರೆ ಮೊದಲು ಈ ₹ ಹುಡುಕಿ.

ಪ್ರಶ್ನೆ: ಹಳೇ ಇಂಟರ್ನೆಟ್ ಡಾಂಗಲ್ ಒಂದು ಡ್ರಾಯರಲ್ಲಿ ಬಿದ್ದಿದೆ. ಅದರಿಂದ ಎಸ್ಎಂಎಸ್ ಕಳಿಸ್ಬೋದಂತೆ, ನಿಜವೇ?
(ಧಾರವಾಡ, ಇಂಜಿನಿಯರಿಂಗ್ ವಿದ್ಯಾರ್ಥಿ)

ಉತ್ತರ: ಈ ಪ್ರಶ್ನೆ ಓದಿ ನನಗೆ ಎಷ್ಟು ಖುಷಿಯಾಯ್ತು ಅಂದ್ರೆ ಊಟ ಬಿಟ್ಟು ನನ್ನ ಡ್ರಾಯರೂ ಹುಡುಕಿದೆ. ನಿಜ. ಡಾಂಗಲ್ ಅಂದ್ರೆ ಸ್ಕ್ರೀನು ಕೀಪ್ಯಾಡು ಇಲ್ದಿರೋ ಫೋನು. ಸಿಮ್ ಹಾಕಿ ಯುಎಸ್‌ಬಿಗೆ ಚುಚ್ಚಿದ್ರೆ ವಿಂಡೋಸಲ್ಲಿ ಡಿವೈಸ್ ಮ್ಯಾನೇಜರ್ ಒಳಗೆ ಒಂದು ಕಾಮ್ ಪೋರ್ಟ್ ನಂಬರ್ ತೋರಿಸುತ್ತೆ, ಕಂಪ್ಯೂಟರು ಡಾಂಗಲ್ ಜೊತೆ ಮಾತಾಡೋ ಬಾಗಿಲು ಅದು. ಪುಟ್ಟಿ ಥರ ಒಂದು ಟರ್ಮಿನಲ್ ಪ್ರೋಗ್ರಾಮಿಂದ (ಆಜ್ಞೆ ಟೈಪ್ ಮಾಡೋ ಕಿಟಕಿ) ಆ ಪೋರ್ಟಿಗೆ ಹೋಗಿ ಎಟಿ ಅಂತ ಎರಡು ಇಂಗ್ಲಿಷ್ ಅಕ್ಷರ ಟೈಪ್ ಮಾಡಿ ಎಂಟರ್ ಒತ್ತಿ. ಓಕೆ ಅಂತ ಉತ್ತರ ಬರುತ್ತೆ. ಎಟಿ ಅಂದ್ರೆ ಅಟೆನ್ಷನ್, 1980ರ ದಶಕದ ಹೇಯ್ಸ್ ಅನ್ನೋ ಕಂಪನಿಯ ಮೋಡೆಮ್ಮಿನ ಭಾಷೆ, ಈಗ್ಲೂ ಅದೇ ನಡೀತಿದೆ. ಆಮೇಲೆ ಎಟಿ, ಪ್ಲಸ್ ಚಿಹ್ನೆ, ಸಿಎಂಜಿಎಫ್, ಈಕ್ವಲ್ ಚಿಹ್ನೆ, 1 ಅಂತ ಹೊಡೆದ್ರೆ ಟೆಕ್ಸ್ಟ್ ಮೋಡಿಗೆ ಬರುತ್ತೆ. ಮತ್ತೆ ಎಟಿ, ಪ್ಲಸ್, ಸಿಎಂಜಿಎಸ್, ಈಕ್ವಲ್ ಹಾಕಿ, ಡಬಲ್ ಕೋಟ್ ಒಳಗೆ ನಂಬರ್ ಹಾಕಿ ಎಂಟರ್ ಒತ್ತಿದ್ರೆ ಬಾಣದ ತುದಿ ಥರ ಒಂದು ಚಿಹ್ನೆ ಬಂದು ಕಾಯ್ತಾ ನಿಲ್ಲುತ್ತೆ. ಅಲ್ಲಿ ಮೆಸೇಜ್ ಬರೀರಿ, ಕೊನೇಲಿ ಎಂಟರ್ ಅಲ್ಲ, ಕಂಟ್ರೋಲ್ ಒತ್ತಿಹಿಡಿದು ಝೆಡ್. ಒಂದೆರಡು ಸೆಕೆಂಡು ಏನೂ ಆಗಲ್ಲ, ಆಮೇಲೆ ಒಂದು ನಂಬರ್ ಬಂದು ಕೆಳಗೆ ಓಕೆ ಬರುತ್ತೆ, ಪಕ್ಕದಲ್ಲಿಟ್ಟ ಫೋನು ಟಿಂಗ್ ಅನ್ನುತ್ತೆ. ಆ ಟಿಂಗ್ ಇದೆಯಲ್ಲ, ಯಾವ ಆ್ಯಪಲ್ಲೂ ಆ ಸಂತೋಷ ಇಲ್ಲ ಮಾರಾಯ.

ಎರಡು ತೊಡಕು. ಹೀಗೆ ನೇರವಾಗಿ ಇಂಗ್ಲಿಷ್ ಮಾತ್ರ ಹೋಗುತ್ತೆ, ಕನ್ನಡ ಬೇಕಂದ್ರೆ ಅಕ್ಷರಗಳನ್ನ ಕೋಡ್ ಮಾಡಿ ಕಳಿಸ್ಬೇಕು, ಅದಕ್ಕೆ ಗ್ಯಾಮು ಅನ್ನೋ ಪುಕ್ಕಟೆ ಪ್ರೋಗ್ರಾಮ್ ಇದೆ, ಲಿನಕ್ಸಲ್ಲಿ ಚೆನ್ನಾಗಿ ಓಡುತ್ತೆ. ಇನ್ನೊಂದು ಸಿಮ್ಮು. 2ಜಿ, 3ಜಿ ಕಾಲದ ಡಾಂಗಲ್ಲಿಗೆ ಜಿಯೋ ಸಿಮ್ ಹಾಕಿ ಕೂತ್ರೆ ಸಂಜೆವರೆಗೂ ಸಿಗ್ನಲ್ ಬರಲ್ಲ, ಜಿಯೋಗೆ 2ಜಿನೂ ಇಲ್ಲ 3ಜಿನೂ ಇಲ್ಲ. 2ಜಿ ಇನ್ನೂ ಇರೋ ಕಂಪನಿ ಸಿಮ್ ಹಾಕಿ. ಮತ್ತೆ, ಇದು ಬಂತು ಅಂತ ಒಂದು ಪ್ರೋಗ್ರಾಮ್ ಬರೆದು ಕಾಲೇಜಿನ ಫೆಸ್ಟಿಗೆ ಬನ್ನಿ ಅಂತ ಊರಿಗೆಲ್ಲ ಕಳಿಸೋಕೆ ಹೋಗ್ಬೇಡ. ಸಿಮ್ಮು ನಿನ್ನ ಹೆಸರಲ್ಲಿದೆ. ಸಾದಾ ಹತ್ತಂಕಿ ನಂಬರಿಂದ ಪ್ರಚಾರದ ಮೆಸೇಜ್ ಬಂತು ಅಂತ ಹತ್ತು ದಿನದಲ್ಲಿ ಐದು ದೂರು ಬಿದ್ರೆ ಕ್ರಮ ತಗೋಬೇಕು ಅಂತ 2025ರ ತಿದ್ದುಪಡಿಯಲ್ಲಿದೆ, ಮೊದಲು ಏಳು ದಿನಕ್ಕೆ ಹತ್ತು ದೂರು ಇತ್ತು. ಐದು ಜನ ಸಿಟ್ಟಾಗೋದು ಎಷ್ಟು ಹೊತ್ತಿನ ಕೆಲಸ?

ಪ್ರಶ್ನೆ: ನನ್ನದು ಐಫೋನ್, ಆಫೀಸಲ್ಲಿ ವಿಂಡೋಸ್ ಲ್ಯಾಪ್‌ಟಾಪ್. ಗೂಗಲ್ ಮೆಸೇಜಸ್ ನನಗೆ ಆಗಲ್ಲ ಅಲ್ವಾ?
(ಬೆಂಗಳೂರು)

ಉತ್ತರ: ಆಗಲ್ಲ. ವಿಂಡೋಸ್ 11ರಲ್ಲಿ ಫೋನ್ ಲಿಂಕ್ ಅನ್ನೋ ಆ್ಯಪ್ ಇದೆ, ಬ್ಲೂಟೂತಲ್ಲಿ ಐಫೋನಿಗೆ ಜೋಡಿಸಿದ್ರೆ ಒಬ್ಬರಿಗೆ ಒಂದು ಅಂತ ಮೆಸೇಜ್ ಕಳಿಸ್ಬೋದು, ಗುಂಪಿಗೆ ಆಗಲ್ಲ. ಮ್ಯಾಕ್ ಇದ್ದಿದ್ರೆ ಐಫೋನ್ ಸೆಟ್ಟಿಂಗ್ಸಲ್ಲಿ ಮೆಸೇಜಸ್ ಒಳಗೆ ಟೆಕ್ಸ್ಟ್ ಮೆಸೇಜ್ ಫಾರ್ವರ್ಡಿಂಗ್ ಆನ್ ಮಾಡಿದ್ರೆ ಮುಗೀತಿತ್ತು. ಆಫೀಸ್ ಲ್ಯಾಪ್‌ಟಾಪ್ ಅಂದ್ರಿ, ಐಟಿಯೋರನ್ನ ಕೇಳಿ ಮಾಡಿ.

ಪ್ರಶ್ನೆ: ನಾವು ಇರೋದು ಅಮೆರಿಕದಲ್ಲಿ. ಕನ್ನಡ ಕೂಟದ ಸದಸ್ಯರಿಗೆ ಫೋನ್ ನಂಬರ್ ಆದ್ಮೇಲೆ ಅಟ್ ಚಿಹ್ನೆ, ಕಂಪನಿ ವಿಳಾಸ ಹಾಕಿ ಇಮೇಲ್ ಕಳಿಸಿದ್ರೆ ಅದು ಟೆಕ್ಸ್ಟ್ ಮೆಸೇಜಾಗಿ ಹೋಗ್ತಿತ್ತು. ಹೋದ ವರ್ಷದ ಯುಗಾದಿವರೆಗೂ ಸರಿಯಿತ್ತು, ಈಗ ಕೆಲವರಿಗೆ ಹೋಗ್ತಾನೇ ಇಲ್ಲ.
(ಡಲ್ಲಾಸ್)

ಉತ್ತರ: ಹೋಗದೆ ಇರೋರು ಎಟಿ ಅಂಡ್ ಟಿ ಅನ್ನೋ ಮೊಬೈಲ್ ಕಂಪನಿಯ ಗಿರಾಕಿಗಳಾ ನೋಡಿ. ಅವರು ಇಮೇಲಿಂದ ಟೆಕ್ಸ್ಟ್ ಹೋಗೋ ಸೇವೆಯನ್ನ 2025ರ ಜೂನ್ 17ಕ್ಕೆ ಮುಚ್ಚಿದ್ರು. ಅದು ಒಳ್ಳೇ ಸೌಕರ್ಯಾನೇ, ಆದ್ರೆ ಇಮೇಲ್ ಅಂದ್ರೆ ಬಾಗಿಲಿಲ್ಲದ ಛತ್ರ, ಸ್ಪ್ಯಾಮ್ ಕಳಿಸೋರೂ ಅದೇ ದಾರಿ ಹಿಡಿದಿದ್ರು. ಬೇರೆ ಕಂಪನೀಲಿ ಇವತ್ತು ಹೋಗ್ತಿದೆ ಅಂತ ಕೂಟದ ಸುದ್ದೀನ ಅದರ ಮೇಲೇ ಬಿಡ್ಬೇಡಿ. ಸಮಿತಿಯ ಒಬ್ಬರ ಫೋನನ್ನ ಮೇಲೆ ಹೇಳಿದ ಹಾಗೆ ಬ್ರೌಸರಿಗೆ ಜೋಡಿಸಿ ಕಳಿಸಿ, ಯಾರ ಫೋನು ಅಂತ ಮಾತ್ರ ಸಭೇಲಿ ಮೊದಲೇ ತೀರ್ಮಾನ ಮಾಡ್ಕೊಳಿ, ಆಮೇಲೆ ಎಲ್ಲ ಪ್ರಶ್ನೆಗೂ ಅವರಿಗೇ ಫೋನ್ ಬರುತ್ತೆ.

ಪ್ರಶ್ನೆ: ಊರಲ್ಲಿರೋ ನಮ್ಮಮ್ಮನ ಫೋನಿಗೆ ಕಂಪ್ಯೂಟರಿಂದ ಕನ್ನಡದಲ್ಲಿ ಬರೆದು ಕಳಿಸಿದ್ರೆ ಬರೀ ಚೌಕ ಚೌಕ ಬರುತ್ತಂತೆ.
(ಮೈಸೂರು)

ಉತ್ತರ: ಮೆಸೇಜು ಸರಿಯಾಗೇ ತಲುಪಿದೆ, ಫೋನಲ್ಲಿ ಕನ್ನಡ ಫಾಂಟ್ ಇಲ್ಲ. ಹಳೇ ಕೀಪ್ಯಾಡ್ ಫೋನಲ್ಲಿ ಅದನ್ನ ಹಾಕೋಕೂ ಆಗಲ್ಲ. ಕನ್ನಡ ಇದೆ ಅಂತ ಡಬ್ಬದ ಮೇಲೆ ಬರೆದಿರೋ ಕೀಪ್ಯಾಡ್ ಫೋನ್ ಸಿಗುತ್ತೆ, ಅದನ್ನ ಕೊಡ್ಸಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಕಳಿಸಿ ಅಂತ ಸುಲಭವಾಗಿ ಹೇಳ್ಬೋದು, ಆದ್ರೆ ಅಮ್ಮನಿಗೆ ಇಂಗ್ಲಿಷ್ ಅಕ್ಷರ ಬರುತ್ತಾ ಅನ್ನೋದು ನಿಮಗೇ ಗೊತ್ತು. ಬರಲ್ಲ ಅಂದ್ರೆ ಫೋನೇ ಮಾಡಿ.

ಪ್ರಶ್ನೆ: ಬ್ಯಾಂಕಿನ ಮೆಸೇಜಿನ ಹೆಸರಿನ ಕೊನೇಲಿ ಈಗ ಒಂದು ಗೆರೆ, ಎಸ್ ಅಥವಾ ಟಿ ಅಂತ ಇರುತ್ತಲ್ಲ ಏನದು?
(ತುಮಕೂರು)

ಉತ್ತರ: ಪಿ ಅಂದ್ರೆ ಪ್ರಚಾರ, ಎಸ್ ಅಂದ್ರೆ ಸೇವೆ, ಟಿ ಅಂದ್ರೆ ವಹಿವಾಟು, ಜಿ ಅಂದ್ರೆ ಸರ್ಕಾರಿ. 2025ರಿಂದ ಬಂದಿದ್ದು. ಶುರುವಿನ ಎರಡು ಅಕ್ಷರದಲ್ಲಿ ಮೊದಲನೇದು ಮೊಬೈಲ್ ಕಂಪನಿ, ಎರಡನೇದು ವಲಯ, ಕರ್ನಾಟಕಕ್ಕೆ ಎಕ್ಸ್. 'ನಿಮ್ಮ ಕರೆಂಟ್ ಇವತ್ತು ರಾತ್ರಿ ಕಟ್' ಅನ್ನೋ ಮೆಸೇಜು ಇಂಥಾ ಹೆಸರಿಲ್ಲದೆ ಹತ್ತಂಕಿ ನಂಬರಿಂದ ಬಂದ್ರೆ ನಂಬ್ಬೇಡಿ.

ಪ್ರಶ್ನೆ: ಹೋದ ವಾರ ಊರಿನ ಜೆರಾಕ್ಸ್ ಅಂಗಡಿ ಕಂಪ್ಯೂಟರಲ್ಲಿ ನನ್ನ ಮೆಸೇಜಸ್ ತೆಗೆದು ಒಂದು ಒಟಿಪಿ ನೋಡ್ಕೊಂಡು ಅರ್ಜಿ ತುಂಬ್ಸಿದೆ. ಏನೂ ತೊಂದರೆ ಇಲ್ಲ ತಾನೇ?
(ಹೊಸದುರ್ಗ)

ಉತ್ತರ: ಇದೆ ತಾಯಿ, ಅದಕ್ಕೇ ನಿಮ್ಮ ಪತ್ರಕ್ಕೆ ಪತ್ರಿಕೆ ಬರೋವರೆಗೂ ಕಾಯದೆ ಪೋಸ್ಟ್ ಕಾರ್ಡಲ್ಲಿ ಒಂದು ಸಾಲು ಬರೆದು ಹಾಕಿದ್ದೀನಿ, ಬಂತಾ? ಬ್ರೌಸರ್ ಕ್ಲೋಸ್ ಮಾಡಿದ್ರೆ ಜೋಡಣೆ ಹೋಗಲ್ಲ. ಈ ಕಂಪ್ಯೂಟರ್ ನೆನಪಿಟ್ಕೋ ಅನ್ನೋ ಗುಂಡಿ ಆನ್ ಆಗಿದ್ರೆ ನಾಳೆ ಬೆಳಿಗ್ಗೆ ಬೇರೆ ಯಾರೋ ಆ ಪುಟ ತೆಗೆದ್ರೂ ನಿಮ್ಮ ಇನ್‌ಬಾಕ್ಸೇ ಬರುತ್ತೆ, ಬ್ಯಾಂಕಿನ ಒಟಿಪಿ ನಿಮ್ಮ ಫೋನಿಗೆ ಬಂದ ಕ್ಷಣ ಅಲ್ಲೂ ಕಾಣುತ್ತೆ. ನನಗೂ ಆಗಿದೆ, ಒಂದು ಆಫೀಸಲ್ಲಿ ಹೀಗೇ ಬಿಟ್ಟು ಬಂದಿದ್ದೆ, ಮೂರು ದಿನ ಆದ್ಮೇಲೆ ಅಲ್ಲಿನ ಹುಡುಗ ಫೋನ್ ಮಾಡಿ 'ಸಾರ್, ಮೇಡಮ್ಮು ಕೊತ್ತಂಬರಿ ತರೋಕೆ ಹೇಳಿದ್ದಾರೆ' ಅಂದ. ಪುಣ್ಯಕ್ಕೆ ಕೊತ್ತಂಬರಿ.

ಅಂಗಡಿಗೆ ಹೋಗೋದೇನೂ ಬೇಡ, ನಿಮ್ಮ ಫೋನಲ್ಲೇ ಆಗುತ್ತೆ. ಮೆಸೇಜಸ್ ಆ್ಯಪ್ ತೆಗೀರಿ, ಮೇಲಿನ ಗುಂಡನೆ ಬಟನ್, ಡಿವೈಸ್ ಪೇರಿಂಗ್, ಅಲ್ಲಿ ಜೋಡಿಸಿರೋ ಕಂಪ್ಯೂಟರುಗಳ ಪಟ್ಟಿ ಇರುತ್ತೆ. ನಿಮ್ಮದಲ್ಲದ್ದು ಯಾವುದಿದ್ರೂ ಅಲ್ಲೇ ತೆಗೆದುಹಾಕಿ. ವಾಟ್ಸಾಪಿನ ಲಿಂಕ್ಡ್ ಡಿವೈಸಸ್ ಕೂಡ ಅದೇ ಕೈಲಿ ನೋಡ್ಬಿಡಿ, ಜೆರಾಕ್ಸ್ ಅಂಗಡೀಲಿ ಪಿಡಿಎಫ್ ತೆಗೆಯೋಕೆ ಅದನ್ನೂ ಯಾವಾಗ್ಲೋ ಜೋಡಿಸಿರ್ತೀರಿ.